ಋತುಚಕ್ರ ಮತ್ತು ಹವ್ಯಾಸಿಯ ಕ್ಯಾಮೆರಾ

ಛಾಯಾಚಿತ್ರಣವು ಒಂದು ಕಾಲಕ್ಕೆ ಉಳ್ಳವರ ಹವ್ಯಾಸವಾಗಿತ್ತು. ಮೂವತ್ತಾರು ಚಿತ್ರಗಳ ಒಂದು ಫಿಲ್ಮ್ ಸುರುಳಿಯನ್ನು ಕೊಂಡು, ಸಂಸ್ಕರಿಸಿ, ಮುದ್ರಿಸಿಕೊಳ್ಳುವಷ್ಟರಲ್ಲಿ ಸಾಮಾನ್ಯ ನೌಕರನ ತಿಂಗಳ ಲೆಕ್ಕಾಚಾರ ತಲೆಕೆಳಗಾಗುತ್ತಿತ್ತು. ಇಂದು ಜೇಬಿನಲ್ಲಿರುವ ದೂರವಾಣಿಯೇ ಕ್ಯಾಮೆರಾ ಆಗಿದೆ. ಆದರೂ ಒಂದು ಹಳೆಯ ಭಾವನೆ ಮಾತ್ರ ಅಳಿದಿಲ್ಲ. ಪ್ರಕೃತಿಯ ಚಿತ್ರ ಬೇಕಾದರೆ ಬಂಡೀಪುರಕ್ಕೋ ಆಗುಂಬೆಗೋ ಜೋಗಕ್ಕೋ ಹೋಗಲೇಬೇಕೆಂದು ಹವ್ಯಾಸಿಗಳು ನಂಬಿದ್ದಾರೆ. ಹೀಗೆ ಹೋದವರು ತರುವುದಾದರೂ ಏನು? ತಮಗಿಂತ ಮೊದಲು ಸಾವಿರಾರು ಜನ ಅದೇ ಕಟ್ಟೆಯ ಮೇಲೆ ನಿಂತು ತೆಗೆದ ಅದೇ ಜಲಪಾತದ ಚಿತ್ರವನ್ನು. ಪ್ರವಾಸವನ್ನು ನಾನು ಹಳಿಯುತ್ತಿಲ್ಲ. ಹೊಸ ಊರು ಕಣ್ಣನ್ನು ತೆರೆಸುತ್ತದೆ, ನಿಜ. ಆದರೆ ಒಂದೇ ದಿನ ನೋಡಿದ ಊರು ತನ್ನ ಒಂದೇ ಮುಖವನ್ನು ತೋರಿಸುತ್ತದೆ. ಹನ್ನೆರಡು ತಿಂಗಳು ನೋಡಿದ ಒಂದು ಹೊಂಗೆಯ ಮರವೇ ಹವ್ಯಾಸಿಗೆ ಹೆಚ್ಚನ್ನು ಕಲಿಸಬಲ್ಲುದೆಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ದಾಟಿದರೆ ನೆಲಮಂಗಲಕ್ಕೆ ಮೊದಲು ಮಾದನಾಯಕನಹಳ್ಳಿ ಸಿಗುತ್ತದೆ. ಲಾರಿಗಳ ಸಾಲು, ಉಗ್ರಾಣಗಳ ತಗಡಿನ ಚಾವಣಿ, ಧೂಳು. ಇಲ್ಲಿ ಕ್ಯಾಮೆರಾಕ್ಕೆ ಏನು ಕೆಲಸವೆಂದು ಕೇಳುವವರೇ ಹೆಚ್ಚು. ಆದರೆ ಹೆದ್ದಾರಿಯಿಂದ ಒಳಗೆ ತಿರುಗಿದರೆ ಇನ್ನೂ ಉಳಿದಿರುವ ರಾಗಿಯ ಹೊಲಗಳಿವೆ, ಬದುಗಳ ಮೇಲೆ ಹುಣಸೆ ಹೊಂಗೆಗಳಿವೆ. ಸಮೀಪದಲ್ಲಿಯೇ ಅರ್ಕಾವತಿಯ ಕಣಿವೆಯಿದೆ.

ಇಂತಹ ಸಾಧಾರಣ ನೆಲದಲ್ಲಿ ಋತುಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ಗಮನಿಸಬೇಕು. ಶಿಶಿರದ ಕೊನೆಗೆ ಎಲೆ ಕಳೆದುಕೊಂಡ ಮುತ್ತುಗವು ಕೆಂಡದಂತೆ ಹೂ ತಳೆಯುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆಯ ಹೊಸ ಎಲೆ ಎಣ್ಣೆ ಸವರಿದಂತೆ ಮಿರುಗುತ್ತಿರುತ್ತದೆ. ಎದುರುಬೆಳಕಿನಲ್ಲಿ ಅದನ್ನು ಚಿತ್ರಿಸಿದರೆ ಎಲೆಯ ನರನರವೂ ಕಾಣುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯನು ನಡುಹಗಲಿನಲ್ಲಿ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಪ್ರದೇಶವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದೇ ಇದಕ್ಕೆ ಕಾರಣ. ಆಗಸ್ಟ್ 18ರ ಸುಮಾರಿಗೆ ಇದೇ ಸ್ಥಿತಿ ಮತ್ತೊಮ್ಮೆ ಬರುತ್ತದೆ. ಡಿಸೆಂಬರಿನಲ್ಲಾದರೋ ನಡುಹಗಲ ಸೂರ್ಯನು ದಕ್ಷಿಣಕ್ಕೆ ವಾಲಿ 53 ಡಿಗ್ರಿಗಳಷ್ಟು ಮಾತ್ರ ಮೇಲೇರುತ್ತಾನೆ. ಆದ್ದರಿಂದ ಬೇಸಗೆಯಲ್ಲಿ ಚಪ್ಪಟೆಯಾಗಿ ಕಂಡ ಅದೇ ಬಂಡೆ ಚಳಿಗಾಲದಲ್ಲಿ ಓರೆಬೆಳಕಿನಿಂದ ಉಬ್ಬುತಗ್ಗುಗಳನ್ನು ಪಡೆಯುತ್ತದೆ. ಇದನ್ನು ಯಾವ ಕೈಪಿಡಿಯೂ ನೆಲದಷ್ಟು ಚೆನ್ನಾಗಿ ಕಲಿಸಲಾರದು.

ಭರಣಿ ಮಳೆ ಸುರಿದ ಮರುದಿನ ಗಾಳಿಯ ಧೂಳು ತೊಳೆದುಹೋಗಿ, ನೆಲಮಂಗಲವನ್ನು ದಾಟಿದ ಮೇಲೆ ಶಿವಗಂಗೆಯ ಬೆಟ್ಟದ ಗೆರೆ ಕತ್ತರಿಸಿಟ್ಟಂತೆ ತೋರುತ್ತದೆ. ರಾಗಿಯ ತೆನೆ ಬಲಿತು ಕೊಯ್ಲಾಗುವ ಹೊತ್ತಿಗೆ ಬೆಳಗಿನ ಮಂಜು ಬಂದಿರುತ್ತದೆ. ಅವರೆಯ ಸೊಗಡು ಮಾತ್ರ ಚಿತ್ರಕ್ಕೆ ಸಿಗದು.

ನಮ್ಮ ನಾಡಿನ ಹಿರಿಯ ಛಾಯಾಗ್ರಾಹಕರಲ್ಲಿ ಕೆಲವರು ಹೀಗೆಯೇ ಮನೆಯ ಸುತ್ತಲನ್ನು ನೋಡಿದವರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಹಕ್ಕಿಗಳನ್ನು ವರ್ಷಗಟ್ಟಲೆ ಕಾದು ಚಿತ್ರಿಸಿದರು. ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯ ಹೊಣೆಯನ್ನು ಹೊತ್ತವರಾದರೂ ಸಂಡೂರಿನ ಬೆಟ್ಟಗಳನ್ನೂ ಕ್ಯಾಮೆರಾವನ್ನೂ ಬಿಡಲಿಲ್ಲ.

ಹವ್ಯಾಸಿಯ ಚಿತ್ರಕ್ಕೆ ಸೌಂದರ್ಯವಲ್ಲದೆ ಇನ್ನೊಂದು ಬೆಲೆಯೂ ಇದೆ. ಅಮೆರಿಕದ ಕಾಂಕರ್ಡ್ ಎಂಬ ಊರಿನಲ್ಲಿ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಯಾವ ಹೂವು ಯಾವ ದಿನ ಅರಳಿತೆಂದು ಬರೆದಿಟ್ಟನು. ಒಂದೂವರೆ ಶತಮಾನದ ನಂತರ ವಿಜ್ಞಾನಿಗಳು ಆ ಟಿಪ್ಪಣಿಗಳನ್ನು ಹೋಲಿಸಿ, ಅಲ್ಲಿನ ಅನೇಕ ಗಿಡಗಳು ಈಗ ಬೇಗನೆ ಹೂ ಬಿಡುತ್ತಿರುವುದನ್ನು ಕಂಡುಕೊಂಡರು. ನಮ್ಮ ದೇಶದಲ್ಲಿಯೂ ‘ಸೀಸನ್‌ವಾಚ್’ ಎಂಬ ಯೋಜನೆಗೆ ಶಾಲಾ ಮಕ್ಕಳು ತಮ್ಮ ಊರಿನ ಮರಗಳ ಚಿಗುರು, ಹೂ, ಕಾಯಿಗಳ ವಿವರವನ್ನು ಕಳಿಸುತ್ತಿದ್ದಾರೆ. ದಿನಾಂಕವಿರುವ ಚಿತ್ರ ಇಂತಹ ದಾಖಲೆಗೆ ಒಳ್ಳೆಯ ಸಾಕ್ಷಿ. ಮಾದನಾಯಕನಹಳ್ಳಿಯ ಇಂದಿನ ರಾಗಿಯ ಹೊಲ ನಾಳೆ ಉಗ್ರಾಣವಾದೀತು. ಅಲ್ಲಿ ಹೊಲವಿತ್ತೆಂಬುದಕ್ಕೆ ಕಂದಾಯದ ಕಡತವನ್ನು ಬಿಟ್ಟರೆ ಆ ಚಿತ್ರವೊಂದೇ ಉಳಿಯಬಹುದು.

ಆದರೆ ಕ್ಯಾಮೆರಾ ತಾನು ಪ್ರೀತಿಸುವುದನ್ನೇ ಕೆಡಿಸಬಲ್ಲುದು. ಇಲ್ಲಿಗೆ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲೇ ನಿದರ್ಶನ. 1894ರಲ್ಲಿ ಬೆಂಗಳೂರಿಗೆ ನೀರು ಕೊಡಲು ನಿರ್ಮಿಸಿದ ಕೆರೆಯ ಬಳಿಯ ಆ ಬಯಲಿಗೆ ಚಳಿಗಾಲದಲ್ಲಿ ಹ್ಯಾರಿಯರ್ ಜಾತಿಯ ಬೇಟೆಹಕ್ಕಿಗಳು ಮಧ್ಯ ಏಷ್ಯಾದಿಂದ ಬರುತ್ತವೆ. ಅವುಗಳ ಹಿಂದೆಯೇ ಛಾಯಾಗ್ರಾಹಕರ ಕಾರುಗಳೂ ಬಂದವು. ಹುಲ್ಲಿನ ನಡುವೆ ಹಾಯ್ದ ಚಕ್ರಗಳ ಗುರುತುಗಳು ರಸ್ತೆಗಳೇ ಆದವು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಈ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸಲು ಒಪ್ಪಿಗೆ ಕೊಟ್ಟಿತು. ಕಾನೂನು ಬೇಕು, ಆದರೆ ಹುಲ್ಲಿನಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಅದು ಪ್ರತಿ ಬೆಳಗ್ಗೆ ಬಂದು ಹೇಳಲಾರದು.

ಗೂಡಿನ ಚಿತ್ರದ ವಿಷಯದಲ್ಲಿ ನನ್ನ ನಿಲುವು ಇನ್ನೂ ಕಠಿಣ. ಹಿಂದಿನವರ ಮಸೂರಗಳಿಗೆ ದೂರದ ಶಕ್ತಿಯಿರಲಿಲ್ಲ. ಗೂಡಿನ ಹತ್ತಿರ ಮರೆ ಕಟ್ಟಿ ಕಾಯದೆ ಬೇರೆ ದಾರಿಯೂ ಕಡಿಮೆಯಿತ್ತು. ಇಂದು ಆ ನೆಪವಿಲ್ಲ. ಟಿಟ್ಟಿಭವು ಬೇಸಗೆಯಲ್ಲಿ ಬರಿಯ ನೆಲದ ಮೇಲೆ, ಜಲ್ಲಿಕಲ್ಲಿನ ಬಣ್ಣದ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ತಾಯಿಹಕ್ಕಿ ಎದ್ದುಹೋದರೆ ಸುಡುವ ಬಿಸಿಲು ಅವುಗಳ ಮೇಲೆ ನೇರವಾಗಿ ಬೀಳುತ್ತದೆ. ವಾಹನವನ್ನು ರಸ್ತೆಯಲ್ಲಿಯೇ ಬಿಟ್ಟು ನಡೆದುಹೋಗುವವನಿಗೆ ಮೊಟ್ಟೆಯ ಸುಳಿವನ್ನು ಆ ಹಕ್ಕಿಯೇ ತಲೆಯ ಮೇಲೆ ಹಾರಾಡಿ, ಕೂಗಿ ಕೊಡುತ್ತದೆ. ಆ ಕೂಗು ಕೇಳಿದಾಗ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹತ್ತಿಪ್ಪತ್ತು ಹೆಜ್ಜೆ ಸರಿದರೆ, ಅದು ಮರಳಿ ಬಂದು ಕಾವಿಗೆ ಕೂರುತ್ತದೆ.