ನೊಗ ನೋಡಿ ಎತ್ತು

ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಶೇಂಗಾ ಮಾರಿ ಬಂದ ಹಣದಲ್ಲಿ 45,000 ರೂಪಾಯಿಯನ್ನು ತಂದೆ ಮಗನ ಗಣಕಯಂತ್ರಕ್ಕೆಂದು ತೆಗೆದಿರಿಸಿದ್ದಾರೆ. ಪರದೆ, ಕೀಲಿಮಣೆಗಳು ಮನೆಯಲ್ಲಿಯೇ ಇವೆ. ಯಂತ್ರ ಓದಿಗೂ ಒದಗಬೇಕು, ಆಟಕ್ಕೂ ಒದಗಬೇಕು. ಇವೆರಡರಲ್ಲಿ ಮಗನ ಮನಸ್ಸು ಯಾವುದರ ಕಡೆ ವಾಲಿದೆಯೆಂಬುದು ತಾಯಿಗೆ ತಿಳಿಯದ ಸಂಗತಿಯೇನಲ್ಲ.

"ಆರೇಳು ವರ್ಷ ಬಾಳಬೇಕು ಕಣೋ. ನಡುವೆ ಇನ್ನೊಂದು ಸಲ ಇಷ್ಟು ದುಡ್ಡು ಕೇಳಿದರೆ ನನ್ನ ಕೈಲಾಗೋಲ್ಲ" ಎಂದಿದ್ದಾರೆ ತಂದೆ.

"ಆಗಲಪ್ಪ" ಎಂದು ಮಗ ಒಪ್ಪಿಕೊಂಡಿದ್ದಾನೆ. ಆದರೆ ಆರೇಳು ವರ್ಷ ಬಾಳುವುದು ಯಾವುದು, ಬಾಳದಿರುವುದು ಯಾವುದು ಎಂದು ಅವನಿಗೆ ಹೇಳುವವರು ಯಾರು?

ಮೊದಲು ಕಿವಿಗೆ ಬೀಳುವ ಸಲಹೆ ಅಗ್ಗದ 'ಐ-7 ಗೇಮಿಂಗ್ ಕಂಪ್ಯೂಟರ್'. ಐ-7 ಎಂದರೆ ಐ-3ಕ್ಕಿಂತ ಮೇಲಲ್ಲವೆ? ಹೆಸರಿಗೆ ಮೇಲೇ ಸರಿ. ಆದರೆ ಹೆಸರಿನ ಮುಂದಿರುವ ಅಂಕೆಯನ್ನು ಓದಿದವರು ಬೆಚ್ಚಿಬೀಳುತ್ತಾರೆ. ಐ-7 4770 ಎಂಬುದು 2013ರ ಪ್ರೊಸೆಸರ್. 2022ರಲ್ಲಿ ಬಂದ ಐ-3 12100ಎಫ್‌ಗೂ ಅಷ್ಟೇ 4 ಕೋರುಗಳು. ಆದರೂ ಕೆಲಸದಲ್ಲಿ ಈ ಕಿರಿಯನೇ ಆ ಹಿರಿಯನನ್ನು ಬಹುದೂರ ಹಿಂದಿಕ್ಕುತ್ತಾನೆ. ಇಷ್ಟಕ್ಕೇ ಮುಗಿಯಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಇಂಟೆಲ್‌ನ 8ನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರ್‌ಗಳನ್ನು ವಿಧಿವತ್ತಾಗಿ ಒಪ್ಪುವುದಿಲ್ಲ. ಹುಡುಗರ ಅಚ್ಚುಮೆಚ್ಚಿನ 'ವ್ಯಾಲೊರೆಂಟ್' ಆಟವಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡಿಲ್ಲದೆ ಬಾಗಿಲನ್ನೇ ತೆರೆಯದು. ಹೊಳೆಯುವ ಗಾಜಿನ ಪೆಟ್ಟಿಗೆಯೊಳಗೆ, ಬಣ್ಣದ ದೀಪಗಳ ನಡುವೆ, ಇಂಥ ಮುದಿ ಯಂತ್ರ ಕುಳಿತಿರುವುದುಂಟು.

ಆಟದ ಯಂತ್ರದಲ್ಲಿ ಚಿತ್ರ ಬರೆಯುವ ಭಾರ ಗ್ರಾಫಿಕ್ಸ್ ಕಾರ್ಡಿನದು. ಯಾರು ಎಲ್ಲಿ ನಿಂತರು, ಗುಂಡು ಎಲ್ಲಿಗೆ ತಗುಲಿತು ಎಂಬ ಲೆಕ್ಕ ಪ್ರೊಸೆಸರಿನದು. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಪ್ರತಿ ಚಿತ್ರಕ್ಕೂ ಇರುವ ಕಾಲ 16 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಪಾಲಿನ ಕೆಲಸ ಮುಗಿಸಬೇಕು. ಇವರಿಬ್ಬರನ್ನೂ ಹೊತ್ತಿರುವುದು ಮದರ್‌ಬೋರ್ಡ್. ಕೊಳ್ಳುವವರು ಅದನ್ನು ಕೊನೆಗೆ ನೆನೆಯುತ್ತಾರೆ. ಮೊದಲು ನೆನೆಯಬೇಕಾದುದು ಅದನ್ನೇ. ಎತ್ತು ಮುದಿಯಾದರೆ ಬೇರೆ ಎತ್ತನ್ನು ಹೂಡಬಹುದು, ನೊಗ ಹೊಂದಬೇಕಷ್ಟೆ. ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ 'ಸಾಕೆಟ್' ಎಂಬುದೇ ಆ ನೊಗ.

ಎಎಂಡಿಯ ಎಎಂ-4 ಸಾಕೆಟ್ 2016ರಲ್ಲಿ ಬಂದಿತು. 2017ರ ಮೊದಲ ರೈಜನ್‌ನಿಂದ 2020ರ 5000 ಶ್ರೇಣಿಯವರೆಗೆ ಎಲ್ಲವೂ ಅದೇ ಸಾಕೆಟ್ಟಿಗೆ ಹೊಂದಿದವು. ಇಂಟೆಲ್ 2020ರಲ್ಲಿ ತಂದ ಎಲ್‌ಜಿಎ 1200 ಎರಡು ಪೀಳಿಗೆಗಳನ್ನು ಮಾತ್ರ ಕಂಡಿತು. ಮರುವರ್ಷದ 1700 ಸಾಕೆಟ್ಟಿಗೆ 12, 13, 14ನೆಯ ಪೀಳಿಗೆಗಳು ಹೊಂದುತ್ತವೆ. 2022ರ ಎಎಂ-5ಕ್ಕೆ 2027 ಮತ್ತು ಅದರಾಚೆಗೂ ಬೆಂಬಲವಿರುವುದೆಂದು ಎಎಂಡಿ ಮಾತು ಕೊಟ್ಟಿದೆ. ಹಾಗಾದರೆ ಎಎಂ-5 ಕೊಂಡುಬಿಡಬಹುದಲ್ಲ ಎಂದರೆ ಅಲ್ಲೊಂದು ತೊಡಕು: ಅದಕ್ಕೆ ಡಿಡಿಆರ್-5 ಮೆಮೊರಿಯೇ ಬೇಕು. 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ಗಗನಕ್ಕೇರಿತು. ಮೊದಲಿನ ಲೆಕ್ಕದಲ್ಲಿ ಎಎಂ-5ರ ಕನಸು ಕಂಡ ಎಷ್ಟೋ ಮನೆಗಳು ಮತ್ತೆ ಕಾಗದ ಪೆನ್ನು ಹಿಡಿದು ಕೂರಬೇಕಾಯಿತು.

ಹಣಕ್ಕೆ ಕಟ್ಟುನಿಟ್ಟಾದ ಮಿತಿಯಿದ್ದು, ಗ್ರಾಫಿಕ್ಸ್ ಕಾರ್ಡನ್ನು ಈಗಲೇ ಕೊಳ್ಳಲಾಗದ ಈ ಹುಡುಗನಿಗೆ ಬಿ-550 ಬೋರ್ಡಿನ ಮೇಲೆ ರೈಜನ್ 5 5600ಜಿ ಒಪ್ಪುವ ಜೋಡಿ. 'ಜಿ' ಎಂದರೆ ಚಿತ್ರ ಬರೆಯುವ ಶಕ್ತಿ ಪ್ರೊಸೆಸರಿನೊಳಗೇ ಇದೆ ಎಂದರ್ಥ. ಇಂಟೆಲ್‌ನ 'ಎಫ್' ಇದಕ್ಕೆ ತದ್ವಿರುದ್ಧ. ಕಾರ್ಡಿಲ್ಲದೆ ಪರದೆಯ ಮೇಲೆ ಏನೂ ಮೂಡದು. ಹುಡುಗ ಆತುರದಲ್ಲಿ 12100ಎಫ್ ತಂದು, ಕಾರ್ಡಿಗೆ ಹಣವಿಲ್ಲದೆ ಕಪ್ಪು ಪರದೆಯ ಮುಂದೆ ಕೂರುವ ಪ್ರಸಂಗ ಬಾರದಿರಲಿ. 5600ಜಿ ತನ್ನ ಚಿತ್ರಗಳಿಗೆ ಮುಖ್ಯ ಮೆಮೊರಿಯನ್ನೇ ಎರವಲು ಪಡೆಯುವುದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು. ಆಗ ಹಗುರವಾದ ಆಟಗಳು ಸರಾಗವಾಗಿ ಓಡುತ್ತವೆ. ಭಾರಿ ಆಟಗಳು ಓಡವು. ಅದನ್ನು ಮಗನಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಎಎಂ-4ರ ಕಾಲವೂ ಇಳಿಮುಖವೇ. ಆದರೂ ಎರಡು ವರ್ಷದ ಮೇಲೆ ಒಂದು ಕಾರ್ಡು ಸೇರಿಸಿದರೆ ಅದೇ ಯಂತ್ರ ಮತ್ತಷ್ಟು ಕಾಲ ನಡೆಯುತ್ತದೆ. ಬೋರ್ಡಿಗೆ ಇನ್ನೂ ಕಡಿಮೆ ಬೆಲೆಯ ಎ-520 ಸಾಲದೆ? ಇಂದಿನ ಮಟ್ಟಿಗೆ ಸಾಕು. ಮುಂದೆ ಹೆಚ್ಚು ವಿದ್ಯುತ್ ಬೇಡುವ ಪ್ರೊಸೆಸರ್ ಕೂರಿಸುವ ಆಸೆಯಿದ್ದರೆ, ಆ ವಿದ್ಯುತ್ತನ್ನು ಹದಗೊಳಿಸುವ ಭಾಗ ಗಟ್ಟಿಯಾಗಿರುವ ಬಿ-550 ಬೋರ್ಡೇ ಲೇಸು.

ಇನ್ನು ಕೊಳ್ಳುವ ಬಗೆ. ಹಿರಿಯೂರಿನಿಂದ ಬೆಂಗಳೂರಿಗೆ 150 ಕಿಲೋಮೀಟರಿಗೂ ಮಿಕ್ಕ ದಾರಿ. ಎಸ್.ಪಿ. ರೋಡಿನ ಅಂಗಡಿಸಾಲಿನಲ್ಲಿ ಎಲ್ಲವೂ ಸಿಗುತ್ತದೆ. ಆದರೆ ಕೆಟ್ಟದ್ದನ್ನು ಮರಳಿಸಲು ಮತ್ತೊಂದು ದಿನ, ಮತ್ತೊಂದು ಬಸ್ಸಿನ ಖರ್ಚು. ಪೆಟ್ಟಿಗೆಯಿಲ್ಲದ 'ಟ್ರೇ' ಪ್ರೊಸೆಸರಿಗೆ ಸಾಮಾನ್ಯವಾಗಿ ತಯಾರಕರ ಖಾತರಿ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಬಂದುದಕ್ಕೆ 3 ವರ್ಷ ಇರುತ್ತದೆ. ಶೇಕಡ 18ರ ಜಿಎಸ್‌ಟಿ ಉಳಿಸುವ ಆಸೆಗೆ ಬಿಲ್ಲಿಲ್ಲದೆ ಕೊಂಡರೆ ಆ 3 ವರ್ಷವೂ ಕೈಬಿಟ್ಟಂತೆಯೇ.

ಬಹಳ ದಿನ ಅಂಗಡಿಯಲ್ಲಿದ್ದ ಬೋರ್ಡಿನ ಬಯಾಸ್ ಹಳೆಯದಾಗಿದ್ದರೆ ಅದು ಹೊಸ ಪ್ರೊಸೆಸರನ್ನು ಗುರುತಿಸುವುದಿಲ್ಲ. ಅದನ್ನು ಹೊಸದುಮಾಡುವ ನಡುವೆ ಕರೆಂಟು ಹೋದರೆ ಬೋರ್ಡೇ ಕೆಡಬಹುದು. ಹಳ್ಳಿಯ ಕರೆಂಟನ್ನು ನಂಬಿ ಈ ಕೆಲಸವನ್ನು ಮನೆಗೆ ಉಳಿಸಿಕೊಳ್ಳುವುದು ಬೇಡ. ಅಂಗಡಿಯವರಿಂದಲೇ ಮಾಡಿಸಿ, ಪ್ರೊಸೆಸರನ್ನೂ ಮೆಮೊರಿಯನ್ನೂ ಅಲ್ಲಿಯೇ ಕೂರಿಸಿ, ಪರದೆಯಲ್ಲಿ ಎರಡು ಪಟ್ಟಿಗಳ 16 ಜಿಬಿಯೂ ಕಾಣುತ್ತಿದೆಯೆಂದು ಕಣ್ಣಾರೆ ನೋಡಿಕೊಂಡು, ಬಿಲ್ಲಿನಲ್ಲಿ ಬಿಡಿಭಾಗಗಳ ಕ್ರಮಸಂಖ್ಯೆ ಬರೆಸಿಕೊಂಡ ಮೇಲೆ ತಂದೆ ಮಗ ಹಿರಿಯೂರಿನ ಬಸ್ಸು ಹತ್ತಬಹುದು.