ಸುದ್ದಿ ತಲುಪದ ಮನೆಗೆ ಯೋಜನೆಯೂ ತಲುಪದು

ನಮ್ಮ ಊರುಗಳ ಸಂಘ, ಟ್ರಸ್ಟ್‌ಗಳು ಈಗ ಮೊದಲಿನಂತಿಲ್ಲ. ಗಲ್ಫ್‌ನಲ್ಲಿರುವ ಊರವರು ಕಳಿಸುವ ಹಣವನ್ನು ಮಾತ್ರ ನೆಚ್ಚಿಕೊಳ್ಳದೆ, ಕಂಪೆನಿಗಳ ಸಿಎಸ್‌ಆರ್ ಅನುದಾನಕ್ಕೂ ಅರ್ಜಿ ಹಾಕುತ್ತಿವೆ. ಇದು ಒಳ್ಳೆಯ ಬೆಳವಣಿಗೆ. 2013ರ ಕಂಪೆನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಟ್ಟ ದಾಟಿದ ಕಂಪೆನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಮೀಸಲಿಡಬೇಕು. ಅದನ್ನು ಕೇಳಲು ನಾಚಿಕೆ ಯಾಕೆ?

ಅರ್ಜಿಗೆ ಬೇಕಾದ 12ಎ, 80ಜಿ, ಸಿಎಸ್‌ಆರ್-1 ನೋಂದಣಿ, ಆಡಿಟ್ ವರದಿ ಎಲ್ಲವನ್ನೂ ನಮ್ಮವರು ಹತ್ತು ಸಲ ಓಡಾಡಿ ಸರಿ ಮಾಡಿಸುತ್ತಾರೆ. ಆದರೆ ಪ್ರಸ್ತಾವನೆಯಲ್ಲಿ ‘ಸಂವಹನ ಯೋಜನೆ’ ಎಂಬ ಭಾಗ ಬಂದಾಗ ಮಾತ್ರ ಒಂದೇ ಸಾಲು: ಬ್ಯಾನರ್, ಪತ್ರಿಕಾ ಹೇಳಿಕೆ, ವಾಟ್ಸ್‌ಆ್ಯಪ್ ಮೂಲಕ ಪ್ರಚಾರ ಮಾಡಲಾಗುವುದು. ಅಲ್ಲಿಗೆ ಮುಗಿಯಿತು!

ಇದು ಪ್ರಚಾರ, ಸಂವಹನ ಅಲ್ಲ. ವ್ಯತ್ಯಾಸ ಏನು ಅಂತ ಒಂದು ಉದಾಹರಣೆಯಲ್ಲಿ ನೋಡೋಣ.

ಬೀಡಿ ಕಟ್ಟುವ ಮನೆಗಳ ಹೆಣ್ಣುಮಕ್ಕಳಿಗಾಗಿ 30 ಮಂದಿಯ ಟೈಲರಿಂಗ್ ತರಬೇತಿ ಮಂಜೂರಾಗಿದೆ ಎಂದಿಟ್ಟುಕೊಳ್ಳಿ. ಜುಮಾ ಬಳಿಕ ಮಸೀದಿಯಲ್ಲಿ ಹೇಳಿಸಿದರೆ ಕೇಳುವವರು ಗಂಡಸರು. ಮನೆ ಮುಟ್ಟುವಷ್ಟರಲ್ಲಿ ಅರ್ಧ ಜನರಿಗೆ ಮರೆತೇ ಹೋಗಿರುತ್ತದೆ. ವಾಟ್ಸ್‌ಆ್ಯಪ್‌ಗೆ ಹಾಕಿದರೆ ಫೋನ್ ಇರುವುದು ಮಗನ ಕೈಯಲ್ಲಿ. ಕನ್ನಡದಲ್ಲಿ ನೋಟಿಸ್ ಅಂಟಿಸಿದರೆ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಉಮ್ಮ ಅದನ್ನು ಓದುವುದು ಹೇಗೆ? ಕೊನೆಗೆ ಆ 30 ಸೀಟು ತುಂಬುವುದು ಕಮಿಟಿಯವರ ಬಂಧುಗಳು, ಪರಿಚಯದವರಿಂದ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಮೊದಲು ಕೇಳಿದವರು ಮೊದಲು ಬಂದರು, ಅಷ್ಟೇ. ಆದರೆ ಯಾರ ಹೆಸರು ಹೇಳಿ ಹಣ ತಂದೆವೋ ಅವರೇ ಹೊರಗುಳಿದರು. ‘ನಮಗೆ ಯಾರೂ ಹೇಳಲೇ ಇಲ್ಲ’ ಎಂಬ ಅವರ ಮಾತಿಗೆ ನಮ್ಮಲ್ಲಿ ಉತ್ತರ ಇರುವುದಿಲ್ಲ.

ಆದ್ದರಿಂದ ಪ್ರಸ್ತಾವನೆ ಬರೆಯುವಾಗಲೇ ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಯಾರಿಗೆ ಹೇಳಬೇಕು, ಏನು ಹೇಳಬೇಕು, ಯಾವಾಗ, ಯಾರ ಮೂಲಕ, ತಲುಪಿತು ಅಂತ ನಮಗೆ ಗೊತ್ತಾಗೋದು ಹೇಗೆ. ಕೊನೆಯ ಕಾಲಂ ತುಂಬಿಸುವುದೇ ಕಷ್ಟ, ಅದೇ ಮುಖ್ಯ. ಬೀಡಿ ಕೊಡಲು ಹೋಗುವ ಬ್ರಾಂಚ್, ಅಂಗನವಾಡಿ, ಆಶಾ ಕಾರ್ಯಕರ್ತೆ, ಮದ್ರಸಕ್ಕೆ ಹೋಗುವ ಮಕ್ಕಳು - ಇವೆಲ್ಲ ಹೆಂಗಸರಿಗೆ ಸುದ್ದಿ ಮುಟ್ಟುವ ದಾರಿಗಳು. ಊರಿನ ಒಬ್ಬ ಹೆಣ್ಣುಮಗಳು ಬ್ಯಾರಿಯಲ್ಲಿ ಮಾತಾಡಿದ ಒಂದು ನಿಮಿಷದ ಧ್ವನಿ ಸಂದೇಶ, ನಾಲ್ಕು ಬಣ್ಣದ ಫ್ಲೆಕ್ಸ್‌ಗಿಂತ ಹೆಚ್ಚು ದೂರ ಹೋಗುತ್ತದೆ. 2007ರಲ್ಲಿ ನಮ್ಮ ಭಾಷೆಗೆ ಅಕಾಡೆಮಿ ಬಂತು. ಅಕ್ಟೋಬರ್ 3ರಂದು ಬ್ಯಾರಿ ಭಾಷಾ ದಿನ ಆಚರಿಸುತ್ತೇವೆ. ವೇದಿಕೆಯಲ್ಲಿ ಮೆರೆಸುವ ಭಾಷೆ ಯೋಜನೆಯ ಕಡತಕ್ಕೆ ಯಾಕೆ ಬೇಡ?

ಇದಕ್ಕೆಲ್ಲ ಖರ್ಚಿದೆ. ಮನೆ ಮನೆಗೆ ಹೋಗುವವರ ಬಸ್ ಚಾರ್ಜ್, ಗೌರವಧನ, ಫೋನ್ ಕರೆ ಸ್ವೀಕರಿಸುವವರ ಸಮಯ ಎಲ್ಲವನ್ನೂ ಬಜೆಟ್‌ನಲ್ಲೇ ತೋರಿಸಿ. ‘ನಮ್ಮ ಹುಡುಗರು ಫ್ರೀಯಾಗಿ ಮಾಡ್ತಾರೆ’ ಎಂದು ಬಿಟ್ಟ ಕೆಲಸ ಕೊನೆಗೆ ಆಗುವುದೇ ಇಲ್ಲ.

ಸಂವಹನ ಎಂದರೆ ಹೇಳುವುದು ಮಾತ್ರವಲ್ಲ, ಕೇಳುವುದು ಕೂಡ. ತರಬೇತಿ ಬೆಳಗ್ಗೆ ಇಟ್ಟರೆ ಬರಲಾಗುತ್ತದೆಯೇ, ಮಗುವನ್ನು ಎಲ್ಲಿ ಬಿಡುವುದು ಎಂದು ಅರ್ಜಿಗೆ ಮೊದಲೇ ಹತ್ತು ಮನೆಗಳಲ್ಲಿ ವಿಚಾರಿಸಿ. ಆಯ್ಕೆಯಾಗದವರಿಗೆ ಕಾರಣ ತಿಳಿಸಿ. ಕೆಲಸ ಮುಗಿದ ಮೇಲೆ ಎಷ್ಟು ಹಣ ಬಂತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ ಕಂಪೆನಿಗೆ ಮಾತ್ರವಲ್ಲ, ಊರಿಗೂ ಗೊತ್ತಾಗಲಿ. ಫೋಟೋ ಬೇಕಿದ್ದರೆ ಆ ಹೆಣ್ಣುಮಕ್ಕಳ ಒಪ್ಪಿಗೆ ಕೇಳಿಯೇ ತೆಗೆಯಿರಿ. ಸಹಾಯ ಪಡೆದ ಮಾತ್ರಕ್ಕೆ ಅವರ ಮುಖ ನಮ್ಮ ಬ್ಯಾನರಿನ ಸೊತ್ತಾಗುವುದಿಲ್ಲ.

ಚೆಕ್ ಹಸ್ತಾಂತರದ ಫೋಟೋ ಪತ್ರಿಕೆಯಲ್ಲಿ ಒಂದು ದಿನ ಇರುತ್ತದೆ. ಸುದ್ದಿ ಸಿಗದೆ ಅವಕಾಶ ತಪ್ಪಿಸಿಕೊಂಡ ಮನೆಯವರ ಬೇಸರ ವರ್ಷಗಟ್ಟಲೆ ಉಳಿಯುತ್ತದೆ. ಮುಂದಿನ ಪ್ರಸ್ತಾವನೆಗೆ ಸಹಿ ಹಾಕುವ ಮುನ್ನ ನಮ್ಮ ಪದಾಧಿಕಾರಿಗಳು ಆ ಒಂದು ಸಾಲಿನ ಜಾಗದಲ್ಲಿ ಒಂದು ಪುಟ ಬರೆಯಲಿ.