ಬಾಗಿದ ಉಕ್ಕು ಸುಳ್ಳು ಹೇಳದು

ಸೇತುವೆ ಕುಸಿದ ಮರುದಿನ ಆಳುವವರ ಬಾಯಲ್ಲಿ ಬರುವ ಮಾತು ಒಂದೇ: "ಇದು ಆಕಸ್ಮಿಕ." ಈ ಮಾತನ್ನು ನಾವು ಒಪ್ಪುವುದಿಲ್ಲ. ಬೀಳುವ ಮುನ್ನ ಉಕ್ಕು ಬಾಗಿ ಎಚ್ಚರಿಕೆ ಕೊಟ್ಟಿತ್ತೇ, ಕೊಟ್ಟಿದ್ದರೆ ಅದನ್ನು ಕಂಡವರು ಏನು ಮಾಡಿದರು ಎಂಬುದೇ ನಮ್ಮ ಪ್ರಶ್ನೆ.

ಉಕ್ಕಿನ ತೊಲೆಗಳ ಮೇಲೆ ಕಾಂಕ್ರೀಟ್ ಹಾಸಿದ ಸೇತುವೆ ಒಂದಿಷ್ಟು ಬಾಗುವುದು ಸಹಜ. ಹಸಿ ಕಾಂಕ್ರೀಟಿಗೆ ಭಾರವುಂಟು, ಬಲವಿಲ್ಲ. ಅದು ಗಟ್ಟಿಯಾಗುವವರೆಗೆ ಹೊರೆಯೆಲ್ಲ ಉಕ್ಕಿನ ಹೆಗಲ ಮೇಲೆ. ಗಟ್ಟಿಯಾದ ಮೇಲೆ ಎರಡೂ ಬೆಸೆದುಕೊಂಡು ಜೊತೆಯಾಗಿ ಹೊರುತ್ತವೆ. ಎಷ್ಟು ಬಾಗೀತೆಂದು ಮೊದಲೇ ಲೆಕ್ಕ ಹಾಕಿ, ತೊಲೆಯನ್ನು ಅಷ್ಟು ಮೇಲಕ್ಕೆ ಉಬ್ಬಿಸಿ ತಯಾರಿಸುತ್ತಾರೆ. ಇದು ಲೆಕ್ಕದ ಬಾಗು. ಲೆಕ್ಕ ಮೀರಿ ತೊಲೆ ಪಕ್ಕಕ್ಕೆ ತಿರುಚಿಕೊಂಡರೆ, ತಗಡು ಸುಕ್ಕಾಗಿ ಉಬ್ಬಿದರೆ, ಅದು ರೋಗ. ತಕ್ಕಡಿಯ ದಂಡ ಸೊಟ್ಟಗಾದಾಗ ಅಂಗಡಿಯವನು ಒಂದು ತಟ್ಟೆಗೆ ಕಲ್ಲು ಕಟ್ಟಿ ಸರಿದೂಗಿಸಿದರೆ ಯಾವ ಗಿರಾಕಿ ಸುಮ್ಮನಿದ್ದಾನು?

ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ನಡೆದದ್ದು ಇಂಥದೇ. ಅಲ್ಲಿ ಯಾರಾ ನದಿಯ ಮೇಲಿನ ವೆಸ್ಟ್ ಗೇಟ್ ಸೇತುವೆಗೆ ಉಕ್ಕಿನ ಪೆಟ್ಟಿಗೆಯಂಥ ತೊಲೆಯನ್ನು ಉದ್ದಕ್ಕೆ ಎರಡು ಹೋಳಾಗಿ ನೆಲದ ಮೇಲೆ ಮಾಡಿ, ಮೇಲೆತ್ತಿ ಜೋಡಿಸುವ ಹಂಚಿಕೆ ಹಾಕಿದ್ದರು. ಎತ್ತಿ ನೋಡಿದರೆ ಒಂದು ಹೋಳು ಇನ್ನೊಂದಕ್ಕಿಂತ ಸುಮಾರು ೪½ ಅಂಗುಲ ಎತ್ತರ! ಎತ್ತರದ ಹೋಳಿನ ಮೇಲೆ ತಲಾ ೮ ಟನ್ನಿನ ಕಾಂಕ್ರೀಟ್ ದಿಮ್ಮಿಗಳನ್ನು ಹೇರಿ ತಗ್ಗಿಸಹೊರಟರು. ತಗಡು ಉಬ್ಬಿತು. ಉಬ್ಬನ್ನು ಇಳಿಸಲೆಂದು ಬೋಲ್ಟುಗಳನ್ನು ಬಿಚ್ಚಿಸಿದರು. ೧೯೭೦ರ ಅಕ್ಟೋಬರ್ ೧೫ರಂದು, ನಡುಹಗಲಿಗೆ ಹತ್ತು ನಿಮಿಷ ಇರುವಾಗ, ಸುಮಾರು ೨೦೦೦ ಟನ್ ಉಕ್ಕು ನೆಲಕ್ಕೆ ಬಿತ್ತು. ಮೇಲೆ ದುಡಿಯುತ್ತಿದ್ದವರು, ಕೆಳಗಿನ ಷೆಡ್ಡುಗಳಲ್ಲಿ ಇದ್ದವರು, ಒಟ್ಟು ೩೫ ಮಂದಿ ಸತ್ತರು.

ಅದೇ ವರ್ಷ ಜೂನ್ ೨ರಂದು ವೇಲ್ಸಿನ ಮಿಲ್‌ಫರ್ಡ್ ಹೇವನ್ನಿನಲ್ಲಿ ಅದೇ ವಿನ್ಯಾಸಕಾರರ ಸೇತುವೆ ಕಟ್ಟುವಾಗಲೇ ಕುಸಿದು ೪ ಮಂದಿ ಸತ್ತಿದ್ದರು. ಸುದ್ದಿ ತಿಳಿದ ಮೆಲ್ಬೋರ್ನಿನ ಕಾರ್ಮಿಕರು "ನಮ್ಮ ಗತಿ ಏನು?" ಎಂದು ಕೇಳಿದ್ದರು. ಭಯವಿಲ್ಲವೆಂಬ ಭರವಸೆ ಸಿಕ್ಕಿತು. ನಾಲ್ಕೂವರೆ ತಿಂಗಳಲ್ಲಿ ಸಾವು ಬಂತು. ವಿನ್ಯಾಸವೂ ಕಟ್ಟಿದ ರೀತಿಯೂ ತಪ್ಪೆಂದು ೧೯೭೧ರಲ್ಲಿ ವಿಚಾರಣಾ ಆಯೋಗ ಸಾರಿತು. ಸತ್ತವರು ಎದ್ದು ಬರಲಿಲ್ಲ.

ಇದು ಹಳೆಯ ಕಾಲದ ಮಾತೆನ್ನುವಿರಾ? ಹಾಗಾದರೆ ಅಮೆರಿಕದ ಮಿನಿಯಾಪೊಲಿಸ್ ನೋಡಿ. ೧೯೬೭ರಲ್ಲಿ ತೆರೆದ ಆ ಸೇತುವೆಗೂ ಕೆಳಗೆ ಉಕ್ಕಿನ ಚೌಕಟ್ಟು, ಮೇಲೆ ಕಾಂಕ್ರೀಟ್. ಚೌಕಟ್ಟಿನ ಕೀಲುಗಳಲ್ಲಿ ಕೆಲವು ಜೋಡಣೆಯ ಫಲಕಗಳು ಇರಬೇಕಾದ ದಪ್ಪದ ಅರ್ಧದಷ್ಟೇ ಇದ್ದವು. ಆ ಕಾಲುಗಳ ಮೇಲೆ ೧೯೭೭ರಲ್ಲಿ ಇನ್ನೂ ಎರಡು ಅಂಗುಲ ಕಾಂಕ್ರೀಟ್ ಹೇರಿದರು. ೨೦೦೩ರ ಛಾಯಾಚಿತ್ರಗಳಲ್ಲಿ ಫಲಕ ಬಾಗಿರುವುದು ಕಾಣುತ್ತದೆ. ದಪ್ಪವನ್ನು ಯಾರೂ ಮತ್ತೆ ಲೆಕ್ಕ ಹಾಕಲಿಲ್ಲ. ೨೦೦೭ರ ಆಗಸ್ಟ್ ೧ರಂದು ದುರಸ್ತಿಗೆಂದು ಮರಳು, ಜಲ್ಲಿ, ಯಂತ್ರಗಳೆಂದು ೨೫೦ ಟನ್ನಿಗೂ ಮಿಗಿಲಾದ ಹೊರೆ ಮೇಲಿತ್ತು. ಸಂಜೆ ಸೇತುವೆ ಮುರಿಯಿತು. ೧೩ ಸಾವು, ೧೪೫ ಗಾಯ. ಬಾಗು ಕುಸಿತಕ್ಕೆ ಕಾರಣವಲ್ಲ, ತೆಳು ಫಲಕವೇ ಕಾರಣ ಎಂದರು ತನಿಖೆಯವರು. ನಿಜ! ಜ್ವರವೂ ರೋಗಕ್ಕೆ ಕಾರಣವಲ್ಲ. ಹಾಗೆಂದು ಮೈ ಸುಡುತ್ತಿದ್ದರೂ ನಾಡಿ ನೋಡದೆ ಹೋದ ವೈದ್ಯನನ್ನು ಏನೆಂದು ಕರೆಯೋಣ?

ನಾವು ಇಂಜಿನಿಯರರ ವಿದ್ಯೆಯನ್ನು ಹಳಿಯುತ್ತಿಲ್ಲ. ಮೆಲ್ಬೋರ್ನಿನಲ್ಲಿ ಸತ್ತವರಲ್ಲಿ ಇಂಜಿನಿಯರರೂ ಇದ್ದರು. ನಾವು ಹಳಿಯುವುದು, ಬಾಗಿದ್ದನ್ನು ಕಂಡೂ ಕೆಲಸ ನಿಲ್ಲಿಸದ ಅವಸರವನ್ನು. ಕೇಳಿದ ಕಾರ್ಮಿಕನ ಬಾಯಿಗೆ ಭರವಸೆಯ ಬೀಗ ಜಡಿಯುವ ದರ್ಪವನ್ನು. ಸೊಟ್ಟಗಾದ ತಗಡನ್ನು ಮೊದಲು ಕಾಣುವವನು ಸ್ಪ್ಯಾನರ್ ಹಿಡಿದವನು. ಆ ಸೇತುವೆಗೆ ತೆರಿಗೆ ತೆತ್ತವನು, ಅದರ ಮೇಲೆ ಸರಕು ಸಾಗಿಸುವವನು ಸಣ್ಣ ವ್ಯಾಪಾರಿ. ಇಬ್ಬರಿಗೂ ಅದರ ಲೆಕ್ಕ ಕೇಳುವ ಹಕ್ಕಿದೆ.

ಆದ್ದರಿಂದ ನಮ್ಮ ಒತ್ತಾಯ ಮೂರು. ಪ್ರತಿಯೊಂದು ಹಂತದಲ್ಲೂ ತೊಲೆ ಎಷ್ಟು ಬಾಗಬೇಕಿತ್ತು, ಎಷ್ಟು ಬಾಗಿದೆ ಎಂಬುದನ್ನು ಕೆಲಸದ ಜಾಗದಲ್ಲೇ ಹಲಗೆಯ ಮೇಲೆ ಬರೆದು ಹಾಕಲಿ. ಅಳತೆ ತಪ್ಪಿದಾಗ ಕೂಲಿ ಕಳೆದುಕೊಳ್ಳದೆ ಕೆಲಸ ನಿಲ್ಲಿಸುವ ಹಕ್ಕು ಕಾರ್ಮಿಕರಿಗಿರಲಿ. ಹಳೆಯ ಸೇತುವೆಯ ಮೇಲೆ ಹೊಸ ಕಾಂಕ್ರೀಟ್ ಹೇರುವ ಮುನ್ನ ಕೆಳಗಿನ ಉಕ್ಕಿನ ಬಲವನ್ನು ಮತ್ತೆ ಲೆಕ್ಕ ಹಾಕಿ ಬಹಿರಂಗಪಡಿಸಲಿ.

ಉಕ್ಕು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ಅದು ಹೇಳುವುದನ್ನು ಹೇಳಿಯೇ ಹೇಳುತ್ತದೆ. ಅದನ್ನು ಕಂಡು ಕೂಗಿದ ಕಾರ್ಮಿಕನ ಮಾತಿಗೆ ಬೆಲೆ ಬರುವವರೆಗೆ "ಆಕಸ್ಮಿಕ" ಎಂಬ ಮಾತನ್ನು ನಾವು ನಂಬೆವು.